ಕಷ್ಟದ ವಿದ್ಯೆಯನ್ನು ಬೇಸರವಿಲ್ಲದೆ ಕಲಿಯುವುದು ಹೇಗೆ? ದೊಡ್ಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಸಂಜೆ ಹೊತ್ತು ಯಕ್ಷಗಾನದ ಹಿಮ್ಮೇಳ ಹೇಳಿಕೊಡುವ ನನ್ನ ಬಳಿಗೆ ಈಗ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಬರುತ್ತಾರೆ. ಬ್ಯಾಂಕಿನವರು, ಶಿಕ್ಷಕಿಯರು, ಗಲ್ಫ್‌ನಿಂದ ಮರಳಿದವರು, ಮಣಿಪಾಲದಲ್ಲಿ ಪಾಳಿ ಮುಗಿಸಿ ಬಸ್ ಹಿಡಿದು ಬರುವವರು. ತಾಳ, ಬಿಡ್ತಿಗೆಗಳಂಥ ಬಾರಿಸುವ ವಿಷಯಗಳ ಬಗ್ಗೆ ಅವರು ಕೇಳುವುದು ಕಡಿಮೆ. ಬೇಸರ, ನಾಚಿಕೆ, ಸಮಯ ಇವುಗಳ ಬಗ್ಗೆ ಕೇಳುವುದೇ ಹೆಚ್ಚು. ಈಜು ಕಲಿಯುವವರೂ ತುಳು ಕಲಿಯುವವರೂ ಕಂಪ್ಯೂಟರ್ ಕೋಡಿಂಗ್ ಕಲಿಯುವವರೂ ಇವೇ ಪ್ರಶ್ನೆಗಳನ್ನು ಹೊತ್ತು ತಿರುಗುತ್ತಿರುತ್ತಾರೆ. ಹಾಗಾಗಿ ಉತ್ತರಗಳನ್ನು ಒಂದೆಡೆ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಮದ್ದಳೆ, ಚೆಂಡೆಯವು. ನನಗೆ ಹತ್ತಿರದಿಂದ ಗೊತ್ತಿರುವುದು ಅವೇ.

ಕಷ್ಟದ ವಿದ್ಯೆಯನ್ನು ಖುಷಿಯಿಂದ ಕಲಿಯಲು ನಿಜವಾಗಿಯೂ ಸಾಧ್ಯವೇ? ಕಷ್ಟಪಟ್ಟರೆ ತಾನೇ ವಿದ್ಯೆ?

ಸಾಧ್ಯ. ಆದರೆ ಆ ಖುಷಿಯನ್ನು ಹೊರಗಿನಿಂದ ತಂದು ಮೇಲೆ ಉದುರಿಸಲು ಬರುವುದಿಲ್ಲ. ಹೊಸಬರು ಮದ್ದಳೆಯ ಮುಂದೆ ಕುಳಿತಾಗ ಅವರ ಕಿವಿಗೆ ಬೀಳುವುದು ಬರೀ ಸದ್ದು. ತಪ್ಪಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ತಪ್ಪಿತು ಎಂದು ಗೊತ್ತಾಗುವುದಿಲ್ಲ. ಈ ಅವಸ್ಥೆಯಷ್ಟು ಬೇಸರದ್ದು ಇನ್ನೊಂದಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಅವರೇ ಕೈ ನಿಲ್ಲಿಸಿ, ‘ನಾಲ್ಕನೇ ಅಕ್ಷರ (ತಾಳದ ಒಂದು ಎಣಿಕೆ) ಬೇಗ ಬಿತ್ತು ಅಲ್ಲವೇ?’ ಎನ್ನುತ್ತಾರೆ. ತಪ್ಪು ಹೋಗಿಲ್ಲ, ಅಲ್ಲೇ ಇದೆ. ಆದರೂ ಮುಖದಲ್ಲಿ ನಗು. ನಾನು ನೋಡಿದ ಮಟ್ಟಿಗೆ ಕಲಿಕೆಯ ಸಂತೋಷ ಶುರುವಾಗುವುದು ಚೆನ್ನಾಗಿ ಬಂದಾಗ ಅಲ್ಲ, ತಪ್ಪು ನಮ್ಮದೇ ಕಿವಿಗೆ ಕೇಳಿಸತೊಡಗಿದಾಗ.

ಹಂಗೇರಿ ಮೂಲದ ಅಮೆರಿಕದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಶಸ್ತ್ರಚಿಕಿತ್ಸಕರು ಇಂಥವರನ್ನೆಲ್ಲ ಮಾತನಾಡಿಸಿದರು. ಹೊತ್ತು ಹೋದದ್ದೇ ತಿಳಿಯದಂತೆ ಕೆಲಸದಲ್ಲಿ ಮುಳುಗುವುದು ಯಾವಾಗ ಎಂಬುದು ಅವರ ಪ್ರಶ್ನೆ. ಕಂಡುಬಂದದ್ದು ಇಷ್ಟು: ಮುಂದಿನ ಹೆಜ್ಜೆ ಏನೆಂದು ಸ್ಪಷ್ಟವಿರಬೇಕು, ಮಾಡಿದ್ದು ಸರಿಯೋ ತಪ್ಪೋ ಕೂಡಲೇ ತಿಳಿಯಬೇಕು, ಸವಾಲು ನಮ್ಮ ಶಕ್ತಿಗಿಂತ ತುಸುವೇ ಮೇಲಿರಬೇಕು. ಕೆಲಸ ಸುಲಭವಾಗಿರಬೇಕು ಎಂಬ ಮಾತು ಅದರಲ್ಲಿಲ್ಲ. ಆದ್ದರಿಂದ ‘ಬೇಸರವಾಗುತ್ತಿದೆ’ ಎಂದು ಯಾರಾದರೂ ಹೇಳಿದರೆ ನಾನು ಪಾಠವನ್ನು ಸುಲಭ ಮಾಡುವುದಿಲ್ಲ. ತಪ್ಪು ಬೇಗ ಕೇಳಿಸುವ ಹಾಗೆ ಮಾಡುತ್ತೇನೆ.

ಹಾಗೆ ಮಾಡುವುದು ಹೇಗೆ?

ಚಿಕ್ಕದಾಗಿ ತುಂಡರಿಸಿ. ತ್ರಿವುಡೆ ತಾಳಕ್ಕೆ ಏಳು ಅಕ್ಷರ. ‘ತಕಿಟ’ ಎಂಬ ಮೂರು, ‘ತಕಧಿಮಿ’ ಎಂಬ ನಾಲ್ಕು. ಮೊದಲು ಬಾಯಲ್ಲಿ ಹೇಳಬೇಕು. ಆಮೇಲೆ ಹೇಳುತ್ತಾ ಕೈಯಲ್ಲಿ ತಾಳ ಹಾಕಬೇಕು. ಆಮೇಲೆ ಬಾಯಿ ಮುಚ್ಚಿ ಕೈ ಮಾತ್ರ. ವಾದ್ಯ ಮುಟ್ಟುವುದು ಕೊನೆಗೆ. ಹೀಗೆ ಮಾಡಿದಾಗ ತಪ್ಪಿದರೆ ಅದು ಲೆಕ್ಕದ ತಪ್ಪೋ ಬೆರಳಿನ ತಪ್ಪೋ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ನೇರವಾಗಿ ಮದ್ದಳೆ ಬಾರಿಸಲು ಹೊರಟವರಿಗೆ ಎರಡೂ ಕಲಸಿಹೋಗಿರುತ್ತವೆ.

ಇನ್ನೊಂದು ಉಪಾಯವಿದೆ, ಬಹಳ ಮಂದಿ ಮಾಡುವುದಿಲ್ಲ. ಪಾಠವನ್ನು ಯಾವಾಗಲೂ ಮೊದಲಿನಿಂದ ಶುರು ಮಾಡುವ ಅಭ್ಯಾಸ ನಮ್ಮೆಲ್ಲರದು. ತಪ್ಪಿದ ಕೂಡಲೇ ಮತ್ತೆ ಮೊದಲಿಗೆ ಹೋಗುತ್ತೇವೆ. ಇದರಿಂದ ಆರಂಭ ನುಣುಪಾಗುತ್ತದೆ, ಮುಕ್ತಾಯ ಹಸಿಯಾಗಿಯೇ ಉಳಿಯುತ್ತದೆ. ಕೊನೆಯ ತುಂಡನ್ನು ಮೊದಲು ಕಲಿಯಿರಿ, ಆಮೇಲೆ ಅದರ ಹಿಂದಿನದು, ಆಮೇಲೆ ಅದಕ್ಕೂ ಹಿಂದಿನದು. ಆಗ ನುಡಿಸುತ್ತಾ ಹೋದಂತೆ ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಬರುತ್ತೀರಿ. ಮನಸ್ಸಿಗೆ ಅದೊಂದು ದೊಡ್ಡ ಸಮಾಧಾನ. ಸಂಸ್ಕೃತ ಶ್ಲೋಕ ಬಾಯಿಪಾಠ ಮಾಡುವವರಿಗೂ ಭಾಷಣ ಸಿದ್ಧಪಡಿಸುವವರಿಗೂ ಇದು ಒಗ್ಗುತ್ತದೆ.

ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಅದೇ ದಿನ ಕೇಳಬೇಡಿ, ಸಿಟ್ಟು ಬರುತ್ತದೆ. ತಿಂಗಳ ಹಿಂದಿನದನ್ನು ಕೇಳಿ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ಭಾನುವಾರ ಒಟ್ಟಿಗೆ ಕುಳಿತರೆ ಆಗದೇ?

ಈ ಪ್ರಶ್ನೆಗೆ ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ಪತ್ರಗಳನ್ನು ವಿಂಗಡಿಸುವ ಹೊಸ ಯಂತ್ರಗಳಿಗಾಗಿ ಅಂಚೆ ನೌಕರರು ಟೈಪಿಂಗ್ ಕಲಿಯಬೇಕಿತ್ತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಅವರನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ, ಇನ್ನೊಂದಕ್ಕೆ ನಾಲ್ಕು ಗಂಟೆ, ಉಳಿದವರಿಗೆ ಎರಡು ಗಂಟೆಯಂತೆ ತರಬೇತಿ ಕೊಟ್ಟರು. ಫಲಿತಾಂಶ ಪ್ರಕಟವಾದದ್ದು 1978ರಲ್ಲಿ. ದಿನಕ್ಕೆ ಒಂದು ಗಂಟೆ ಕಲಿತವರಿಗೆ ಅದೇ ಮಟ್ಟ ತಲುಪಲು ಒಟ್ಟು ಬೇಕಾದ ಗಂಟೆಗಳು ಎಲ್ಲರಿಗಿಂತ ಕಡಿಮೆ. ತಿಂಗಳುಗಳ ನಂತರವೂ ಅವರಿಗೆ ಚೆನ್ನಾಗಿ ನೆನಪಿತ್ತು.

ನನಗೆ ಕುತೂಹಲ ಹುಟ್ಟಿಸಿದ್ದು ಮುಂದಿನ ಮಾತು. ತರಬೇತಿಯ ಬಗ್ಗೆ ಅತ್ಯಂತ ಕಡಿಮೆ ತೃಪ್ತಿ ಇದ್ದದ್ದೂ ಅದೇ ಒಂದು ಗಂಟೆಯ ಗುಂಪಿಗೆ! ಕ್ಯಾಲೆಂಡರ್ ನೋಡಿದರೆ ಅವರು ಉಳಿದವರಿಗಿಂತ ಹಿಂದೆ ಇದ್ದರು. ವಾರಗಳು ಕಳೆದರೂ ಮುಗಿಯಲಿಲ್ಲವಲ್ಲ ಎಂಬ ಅಸಮಾಧಾನ. ಚೆನ್ನಾಗಿ ಕಲಿಸುವ ವಿಧಾನವೇ ಕಲಿಯುವಾಗ ನಿಧಾನವೆನಿಸುತ್ತದೆ. ಇದು ಮೊದಲೇ ತಿಳಿದಿದ್ದರೆ ಅರ್ಧ ಬೇಸರ ಅಲ್ಲೇ ಕಡಿಮೆ. ದಿನವನ್ನು ಎಣಿಸಬೇಡಿ, ಕುಳಿತ ಗಂಟೆಗಳನ್ನು ಎಣಿಸಿ.

ಹೇಳುವುದಾದರೆ, ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ ಇಪ್ಪತ್ತೋ ಮೂವತ್ತೋ ನಿಮಿಷ ಸಾಕು. ಭಾನುವಾರದ ಮೂರು ಗಂಟೆಯ ಬೈಠಕ್ ಸ್ನೇಹಿತರ ಜೊತೆ ಸೇರಿ ನುಡಿಸಲು ಇರಲಿ. ಅದನ್ನೇ ಅಭ್ಯಾಸವೆಂದು ತಿಳಿಯಬೇಡಿ.

ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೂ ಒಂದು ಹಂತದಲ್ಲಿ ಏನೂ ಮುಂದೆ ಹೋಗುವುದಿಲ್ಲ. ನನ್ನ ಯೋಗ್ಯತೆ ಇಷ್ಟೇ ಎಂದೇ?

1897ರಲ್ಲಿ ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿ ಸಂದೇಶ ಕಲಿಯುವವರ ಪ್ರಗತಿಯನ್ನು ವಾರದಿಂದ ವಾರಕ್ಕೆ ಗುರುತಿಸುತ್ತಾ ಹೋದರು. ಬರುವ ಸಂದೇಶವನ್ನು ಕಿವಿಯಿಂದ ಹಿಡಿಯುವ ವೇಗ ಸ್ವಲ್ಪ ಕಾಲ ಏರಿ, ಆಮೇಲೆ ವಾರಗಟ್ಟಲೆ ಸಪಾಟಾಗಿ ನಿಂತು, ಮತ್ತೆ ಏರಿತು. ಕಲಿಯುವವನು ಮೊದಲು ಒಂದೊಂದೇ ಅಕ್ಷರ ಕೇಳುತ್ತಾನೆ, ಆಮೇಲೆ ಪದಗಳನ್ನು, ಕೊನೆಗೆ ಇಡೀ ವಾಕ್ಯವನ್ನು. ಒಂದರಿಂದ ಇನ್ನೊಂದಕ್ಕೆ ದಾಟುವ ಮುಂಚೆ ಹೊರಗೆ ಏನೂ ಕಾಣುವುದಿಲ್ಲ ಎಂದು ಅವರು ವಿವರಿಸಿದರು. ಇಂಥ ಸಪಾಟು ಎಲ್ಲರಿಗೂ ಬಂದೇ ಬರಬೇಕೆಂದಿಲ್ಲ ಎಂದು ಮುಂದಿನವರು ತಕರಾರು ತೆಗೆದಿದ್ದಾರೆ. ಅದೂ ಸರಿಯೇ. ಆದರೆ ಹಿಮ್ಮೇಳದಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪೆಟ್ಟುಗಳನ್ನು ಎಣಿಸುತ್ತಿದ್ದವರು ಒಂದು ದಿನ ಎಣಿಕೆ ಬಿಟ್ಟು, ಹಾಡುವ ಭಾಗವತರ ಹಾಡನ್ನೇ ಕೇಳುತ್ತಾ ನುಡಿಸತೊಡಗುತ್ತಾರೆ.

ಸಪಾಟಿನಲ್ಲಿ ಸಿಕ್ಕಿಕೊಂಡರೆ ಮಾಡುತ್ತಿರುವುದನ್ನೇ ಇನ್ನಷ್ಟು ಮಾಡುವುದು ವ್ಯರ್ಥ. ವೇಗ ಬದಲಿಸಿ. ಅರ್ಧಕ್ಕೆ ಇಳಿಸಿ ನೋಡಿ, ಇಲ್ಲವೇ ಕೈಗೆ ಮೀರಿದ ವೇಗಕ್ಕೆ ಏರಿಸಿ ಎಲ್ಲಿ ಮುರಿಯುತ್ತದೆ ನೋಡಿ. ಮುರಿದ ಜಾಗವೇ ಮುಂದಿನ ಪಾಠ.

ನಲವತ್ತು ದಾಟಿದ ಮೇಲೆ ಕಲಿಯುತ್ತಿದ್ದೇನೆ. ಎದುರಿನವರು ನಗುತ್ತಾರೆಂಬ ನಾಚಿಕೆಯೇ ದೊಡ್ಡದು. ಏನು ಮಾಡಲಿ?

ಇದಕ್ಕೆ ಯಕ್ಷಗಾನ ಮೇಳಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಹೊಸ ಹುಡುಗನನ್ನು ನೇರ ಪ್ರಸಂಗದ, ಅಂದರೆ ಮುಖ್ಯ ಕಥೆಯ, ನಡುವೆ ನಿಲ್ಲಿಸುತ್ತಿರಲಿಲ್ಲ. ಕಥೆಗೂ ಮುಂಚೆ ನಡೆಯುವ ಪೂರ್ವರಂಗದ ಕೋಡಂಗಿ ವೇಷದಿಂದ ಶುರು. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಅದರಾಚೆಗೆ ಪ್ರಸಂಗದ ಚಿಕ್ಕಪುಟ್ಟ ಪಾತ್ರ. ಕೋಡಂಗಿ ಕುಣಿಯುವ ಹೊತ್ತಿಗೆ ಸಭೆಯಲ್ಲಿ ಇರುವವರೇ ಕಡಿಮೆ. ಊಟ ಮುಗಿಸಿ ಜನ ಇನ್ನೂ ಬರುತ್ತಿರುತ್ತಾರೆ, ಬಂದವರು ಕಡಲೆ ಕೊಳ್ಳುತ್ತಿರುತ್ತಾರೆ. ಹೆಜ್ಜೆ ತಪ್ಪಿದರೂ ಕೋಡಂಗಿಯದ್ದಲ್ಲವೇ ಎಂದು ನಕ್ಕು ಬಿಡುತ್ತಾರೆ. ಆದರೆ ಚೆಂಡೆ ನಿಜವಾದದ್ದು, ರಂಗಸ್ಥಳ ನಿಜವಾದದ್ದು, ಗೆಜ್ಜೆ ನಿಜವಾದದ್ದು. ತಪ್ಪಲು ಅವಕಾಶವಿರುವ ನಿಜವಾದ ರಂಗ, ಅದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೇನಿದೆ? ಈಗ ಕಾಲಮಿತಿಯ ಪ್ರಯೋಗಗಳು ಹೆಚ್ಚಿ ಪೂರ್ವರಂಗ ಕುಗ್ಗಿರುವುದರಿಂದ ಕಲಿಯುವವರಿಗೆ ಆಗಿರುವ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

1965ರಲ್ಲಿ ರಾಬರ್ಟ್ ಝಯಾಂಕ್ ಎಂಬ ಮನಶ್ಶಾಸ್ತ್ರಜ್ಞ ವಾದಿಸಿದ್ದೂ ಇದನ್ನೇ. ಚೆನ್ನಾಗಿ ಬರುವ ಕೆಲಸವನ್ನು ಎದುರಿಗೆ ಜನರಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತೇವೆ, ಇನ್ನೂ ಕೈಗೆ ಹತ್ತದ ಕೆಲಸವನ್ನು ಕೆಡಿಸುತ್ತೇವೆ. ಕೆಲವು ವರ್ಷಗಳ ನಂತರ ಅವರು ಇದನ್ನು ಜಿರಲೆಗಳ ಮೇಲೂ ಪರೀಕ್ಷಿಸಿದರು. ಬೇರೆ ಜಿರಲೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಓಟ ಚುರುಕಾಯಿತು, ತಿರುವಿನ ದಾರಿಯಲ್ಲಿ ತಡವಾಯಿತು. ಸಂಕೋಚ ಮನುಷ್ಯರಿಗೆ ಮಾತ್ರ ಎಂದುಕೊಂಡವರಿಗೆ ಇದು ಸ್ವಲ್ಪ ನೆಮ್ಮದಿ ಕೊಡಬಹುದು.

ಆದ್ದರಿಂದ ನಿಮ್ಮ ಕೋಡಂಗಿ ವೇಷ ಯಾವುದೆಂದು ಹುಡುಕಿಕೊಳ್ಳಿ. ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುವುದು, ಕಚೇರಿಯಲ್ಲಿ ಯಾರಿಗೂ ತುರ್ತಿಲ್ಲದ ಒಂದು ಚಿಕ್ಕ ವರದಿಯನ್ನು ಹೊಸ ಸಾಫ್ಟ್‌ವೇರಿನಲ್ಲಿ ಮಾಡಿ ನೋಡುವುದು, ಹೀಗೆ. ಕಲಿಯಲು ಶುರು ಮಾಡಿದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕುವುದನ್ನು ಮಾತ್ರ ಮುಂದೂಡಿ.

ಯೂಟ್ಯೂಬ್ ನೋಡಿ ಕಲಿಯಬಹುದೇ?

ನೋಡಬಹುದು. ಎಚ್ಚರವಿರಲಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೇಜಿನ ಮೇಲಿನ ತಟ್ಟೆಗಳು ಬೀಳದಂತೆ ಕೆಳಗಿನ ಬಟ್ಟೆ ಎಳೆಯುವುದು, ಹಿಂದಕ್ಕೆ ಜಾರುವ ನೃತ್ಯ ಮುಂತಾದ ಕಸರತ್ತುಗಳ ವಿಡಿಯೊವನ್ನು ಜನರಿಗೆ ತೋರಿಸಿದರು. ಹೆಚ್ಚು ಬಾರಿ ನೋಡಿದಂತೆಲ್ಲ ‘ನನಗೂ ಬರುತ್ತದೆ’ ಎಂಬ ನಂಬಿಕೆ ಬೆಳೆಯಿತು. ಮಾಡಿಸಿ ನೋಡಿದರೆ ಕೌಶಲ ಎಳ್ಳಷ್ಟೂ ಬೆಳೆದಿರಲಿಲ್ಲ. ವಿಡಿಯೊ ನೋಡುವುದು ಹಿತ, ಆದರೆ ಆಮೇಲೆ ವಾದ್ಯ ಹಿಡಿದಾಗ ಆಗುವ ನಿರಾಶೆ ದೊಡ್ಡದು. ಎರಡು ನಿಮಿಷ ನೋಡಿ, ನಿಲ್ಲಿಸಿ, ಮಾಡಿ. ಮತ್ತೆ ಎರಡು ನಿಮಿಷ.

ಒಂದೇ ಪಾಠವನ್ನು ನೂರು ಸಲ ಹೇಳಿಸುತ್ತಾರೆ. ಅದು ಬೇಡವೇ ಬೇಡ ಎನಿಸುತ್ತದೆ. ಬೇರೆ ದಾರಿ ಇಲ್ಲವೇ?

ಮೊಟ್ಟಮೊದಲ ಹಂತದಲ್ಲಿ ಸ್ವಲ್ಪ ಪುನರಾವರ್ತನೆ ಬೇಕೇ ಬೇಕು. ಅದು ದಾಟಿದ ಮೇಲೆ ಬೆರೆಸುವುದು ಒಳ್ಳೆಯದು. ಬ್ಯಾಡ್ಮಿಂಟನ್ ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಆಟ. 1986ರಲ್ಲಿ ಗುಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು ಹೊಸದಾಗಿ ಕಲಿಯುವವರಿಗೆ ಮೂರು ಬಗೆಯ ಸರ್ವಿಸ್ ಕಲಿಸಿದರು. ಕೆಲವರು ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದರು, ಕೆಲವರು ಮೂರನ್ನೂ ಹಿಂದುಮುಂದಾಗಿ ಬೆರೆಸಿ ಅಭ್ಯಾಸ ಮಾಡಿದರು. ಆಮೇಲೆ ಪರೀಕ್ಷಿಸಿದಾಗ, ಅದರಲ್ಲೂ ಅಂಗಣದ ಬೇರೆ ಬದಿಯಿಂದ ಹೊಡೆಯಲು ಹೇಳಿದಾಗ, ಬೆರೆಸಿದವರೇ ಮೇಲಾದರು.

ಹಿಮ್ಮೇಳದಲ್ಲಿ ನಾನು ಏಕತಾಳ, ಝಂಪೆ, ತ್ರಿವುಡೆಗಳನ್ನು ಒಂದೇ ಸಂಜೆ ಬದಲಿಸಿ ಬದಲಿಸಿ ಹೇಳಿಸುತ್ತೇನೆ. ಆ ದಿನದ ಮಟ್ಟಿಗೆ ನುಡಿಸಾಣಿಕೆ ಹದಗೆಟ್ಟಂತೆ ಕೇಳುತ್ತದೆ. ಕಲಿಯುವವರು ಗೊಣಗುತ್ತಾರೆ. ಆದರೆ ನಿಜವಾದ ಆಟದಲ್ಲಿ ಭಾಗವತರು ಯಾವ ತಾಳಕ್ಕೆ ತಿರುಗುತ್ತಾರೆ ಎಂದು ನಿಮ್ಮನ್ನು ಕೇಳಿ ತಿರುಗುವುದಿಲ್ಲವಲ್ಲ. ಬೇಸರಕ್ಕಂತೂ ಇದು ಒಳ್ಳೆಯ ಮದ್ದು. ಮುಂದೆ ಏನು ಬರುತ್ತದೆಂದು ಗೊತ್ತಿಲ್ಲದಿದ್ದರೆ ಮನಸ್ಸು ನಿದ್ದೆ ಹೋಗುವುದಿಲ್ಲ.

ಅಭ್ಯಾಸದ ಜೊತೆ ಏನಾದರೂ ಇಷ್ಟದ್ದನ್ನು ಸೇರಿಸಿಕೊಳ್ಳಬಹುದೇ? ಮುಗಿಸಿದ ಮೇಲೆ ಐಸ್‌ಕ್ರೀಮ್ ಎಂಬಂತೆ?

ಎರಡು ಬೇರೆ ಪ್ರಶ್ನೆಗಳಿವು. ವ್ಯಾಯಾಮದಂಥ, ತಲೆ ಬೇಡದ ಕೆಲಸಕ್ಕೆ ಇಷ್ಟದ್ದನ್ನು ಜೋಡಿಸುವುದು ಫಲ ಕೊಡುತ್ತದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಬಿಡಲಾಗದಂಥ ಕಾದಂಬರಿಗಳ ಧ್ವನಿಮುದ್ರಣವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟಾಗ ಜನ ಹೆಚ್ಚು ಬಂದರು ಎಂದು 2014ರಲ್ಲಿ ಪ್ರಕಟವಾಯಿತು. ನಡುವೆ ಹಬ್ಬದ ರಜೆ ಬಂದ ಮೇಲೆ ಆ ಪರಿಣಾಮ ಇಳಿದುಹೋಯಿತು ಎಂಬುದನ್ನೂ ಅವರೇ ಬರೆದಿದ್ದಾರೆ. ಆದರೆ ಗಮನವೇ ಬಂಡವಾಳವಾದ ವಿದ್ಯೆಗೆ ಇದು ಹೊಂದುವುದಿಲ್ಲ. ಹಾಡು ಕೇಳುತ್ತಾ ತಾಳ ಕಲಿಯಲು ಆಗದು.

ಬಹುಮಾನದ ಬಗ್ಗೆ ನನಗೆ ಅನುಮಾನವಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬರೆಯುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದರು. ಕೊಟ್ಟರು ಕೂಡ. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬರೆಯುವುದು ಉಳಿದವರಿಗಿಂತ ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಿಗೆ ಹಾಗಾಗಲಿಲ್ಲ. ನೀವು ಇಷ್ಟಪಟ್ಟೇ ಆರಿಸಿಕೊಂಡ ವಿದ್ಯೆಗೆ ಬೆಲೆಚೀಟಿ ಅಂಟಿಸಬೇಡಿ. ಅಭ್ಯಾಸ ಮುಗಿದ ಮೇಲೆ ಸ್ನೇಹಿತರ ಜೊತೆ ರಥಬೀದಿಯತ್ತ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನುವುದಾದರೆ ತಿನ್ನಿ, ಯಾರು ಬೇಡವೆಂದರು? ತಾಳ ಸರಿ ಬರಲಿ, ಬಿಡಲಿ, ತಿನ್ನಿ.

ಈಜು ಕಲಿಯಲು ಹೋಗಿದ್ದೆ. ಅದು ಬೇಸರವಲ್ಲ, ಭಯ. ಅದಕ್ಕೂ ಇದೇ ಉಪಾಯವೇ?

ಅಲ್ಲ. ಭಯವನ್ನೂ ಕಷ್ಟವನ್ನೂ ಒಂದೇ ಎಂದು ತಿಳಿದು ಎಷ್ಟೋ ಮಂದಿ ಕೊಳವನ್ನೇ ಬಿಟ್ಟಿದ್ದಾರೆ. ಕಷ್ಟವಿದ್ದರೆ ಸವಾಲು ತುಸು ಏರಬೇಕು. ಭಯವಿದ್ದರೆ ಪೂರ್ತಿ ಇಳಿಯಬೇಕು. ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತು, ಮುಖ ಮುಳುಗಿಸಿ, ನೀರಿನೊಳಗೆ ಉಸಿರು ಬಿಡುವುದನ್ನು ಮಾತ್ರ ಮಾಡಿ. ಹೆದರಿದವರು ಉಸಿರು ಹಿಡಿದಿಟ್ಟುಕೊಳ್ಳುತ್ತಾರೆ, ತಲೆ ಎತ್ತಿದಾಗ ಬಿಡುವುದಕ್ಕೂ ಎಳೆಯುವುದಕ್ಕೂ ಹೊತ್ತು ಸಾಲದೆ ಗಾಬರಿಯಾಗುತ್ತಾರೆ. ಉಸಿರು ಒಳಗೇ ಬಿಟ್ಟು ರೂಢಿಯಾದರೆ ಅರ್ಧ ಭಯ ಹೋದ ಹಾಗೆ. ಆಮೇಲೆ ತೇಲುವುದು. ಶ್ವಾಸಕೋಶ ತುಂಬಿದ್ದಾಗ ಹೆಚ್ಚಿನವರ ದೇಹ ನೀರಿಗಿಂತ ಹಗುರ. ಇದನ್ನು ನಂಬಬೇಕಾಗಿಲ್ಲ, ಪಕ್ಕದಲ್ಲಿ ತರಬೇತುದಾರರನ್ನು ನಿಲ್ಲಿಸಿಕೊಂಡು ಪರೀಕ್ಷಿಸಬಹುದು. ಕೈಕಾಲು ಬೀಸುವ ವಿಷಯ ಅದಾದ ನಂತರದ್ದು.

ಮಂಗಳೂರಿನವರಿಗೆ ಲೇಡಿಹಿಲ್‌ನ ಮಂಗಳಾ ಈಜುಕೊಳವಿದೆ, ಉಡುಪಿಯವರಿಗೆ ಅಜ್ಜರಕಾಡಿನದು. ಸಮುದ್ರದಲ್ಲಿ ಕಲಿಯಲು ಹೋಗಬೇಡಿ. ಮಳೆಗಾಲದ ಮಲ್ಪೆ, ಪಣಂಬೂರುಗಳ ಅಲೆಗಳ ಎದುರು ಈಜು ಬಲ್ಲವರೂ ಹುಷಾರಾಗಿರುತ್ತಾರೆ.

ಘಟ್ಟದ ಮೇಲಿನವಳು. ಮದುವೆಯಾಗಿ ಮಂಗಳೂರಿಗೆ ಬಂದಿದ್ದೇನೆ. ತುಳು ಕಲಿಯಬೇಕು, ಆದರೆ ಬಾಯಿ ತೆರೆದ ಕೂಡಲೇ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ.

ತಿರುಗುವುದು ಪ್ರೀತಿಯಿಂದಲೇ, ಆದರೆ ಕಲಿಯುವವರಿಗೆ ಅದು ದೊಡ್ಡ ಅಡ್ಡಿ. ‘ತುಳುಟೇ ಪಾತೆರ್ಲೆ’ ಎಂದು ನಗುತ್ತಾ ಹೇಳಿಬಿಡಿ. ತುಳುವಿನಲ್ಲೇ ಮಾತನಾಡಿ ಎಂದು ತುಳುವಿನಲ್ಲೇ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಅತ್ತೆಯವರಿಗೆ ‘ಈರ್’ (ನೀವು) ಎಂದೇ ಹೇಳಿ. ‘ಈ’ (ನೀನು) ಎಂಬುದು ಚಿಕ್ಕವರಿಗೆ, ಸಲುಗೆಯವರಿಗೆ.

ವ್ಯಾಕರಣದಿಂದ ಆರಂಭಿಸುವ ಬದಲು ಒಂದು ಜಾಗ ಆರಿಸಿಕೊಳ್ಳಿ. ಮೀನಿನ ಮಾರುಕಟ್ಟೆ ಅತ್ಯುತ್ತಮ. ಅಲ್ಲಿ ಬೇಕಾದದ್ದು ಒಂಜಿ, ರಡ್ಡ್, ಮೂಜಿ, ನಾಲ್, ಐನ್ ಎಂಬ ಸಂಖ್ಯೆಗಳು, ‘ಏತ್?’ (ಎಷ್ಟು?) ಎಂಬ ಪ್ರಶ್ನೆ, ‘ಬೋಡು’ (ಬೇಕು), ‘ಬೋಡ್ಚಿ’ (ಬೇಡ) ಎಂಬ ಎರಡು ಉತ್ತರ. ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಬುಟ್ಟಿಗೆ ಬೀಳುವುದು ಬಂಗುಡೆಯ ಬದಲು ಬೂತಾಯಿ. ಮಾರುವ ಹೆಂಗಸರಷ್ಟು ನೇರವಾಗಿ ತಿದ್ದುವ ಶಿಕ್ಷಕರು ಸಿಗುವುದೂ ಕಷ್ಟ. ಅದು ಹಿಡಿತಕ್ಕೆ ಬಂದ ಮೇಲೆ ಬಸ್ಸಿಗೆ ಹೋಗಿ, ಆಮೇಲೆ ನೆಂಟರ ಮನೆಯ ಊಟಕ್ಕೆ. ‘ವನಸ್ ಆಂಡಾ?’ (ಊಟ ಆಯಿತೇ?) ಎಂದು ನೀವೇ ಮೊದಲು ಕೇಳಿದರೆ ಉತ್ತರ ತುಳುವಿನಲ್ಲೇ ಬರುತ್ತದೆ.

ವಯಸ್ಸಾದ ಮೇಲೆ ತಲೆಗೆ ಹತ್ತುತ್ತದೆಯೇ?

ಹತ್ತುತ್ತದೆ, ನಿಧಾನವಾಗಿ. 2008ರಲ್ಲಿ ಜರ್ಮನಿಯ ಸಂಶೋಧಕರು 50ರಿಂದ 67 ವರ್ಷದವರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಕಲಿಸಿ, ಅವರ ಮಿದುಳಿನ ಚಿತ್ರ ತೆಗೆದರು. ಯುವಕರಿಗಿಂತ ಕಡಿಮೆ ಮಂದಿಗೆ ಅದು ಸಿದ್ಧಿಸಿತು. ಆದರೆ ಸಿದ್ಧಿಸಿದವರ ಮಿದುಳಿನಲ್ಲಿ ಬದಲಾವಣೆ ಕಂಡಿತು.

ನನ್ನ ದೃಷ್ಟಿಯಲ್ಲಿ ದೊಡ್ಡವರ ತೊಂದರೆ ತಲೆಯದ್ದಲ್ಲ, ರುಚಿಯದ್ದು. ಚಿಕ್ಕಂದಿನಿಂದ ಘಟಾನುಘಟಿಗಳ ಚೆಂಡೆ ಕೇಳಿ ಬೆಳೆದ ಕಿವಿ ಅವರದು. ಕೈ ಇನ್ನೂ ಒಂದನೇ ತರಗತಿಯಲ್ಲಿರುತ್ತದೆ. ಮಗುವಿಗೆ ತನ್ನ ಬಡಿತವೇ ಸಂಗೀತ, ದೊಡ್ಡವರಿಗೆ ತಮ್ಮದನ್ನು ಕೇಳಲು ಆಗುವುದಿಲ್ಲ. ಆ ಕಿವಿಯನ್ನು ಶತ್ರುವಾಗಿಸಿಕೊಳ್ಳಬೇಡಿ. ತಪ್ಪು ಬೇಗ ಕೇಳಿಸುವುದೇ ಕಲಿಕೆ ಎಂದು ಮೇಲೆ ಹೇಳಿದೆನಲ್ಲ, ಆ ಲೆಕ್ಕದಲ್ಲಿ ನೀವು ಮಗುವಿಗಿಂತ ಮುಂದಿದ್ದೀರಿ.

ಮಧ್ಯೆ ಬಿಟ್ಟುಹೋಯಿತು. ಮತ್ತೆ ಮೊದಲಿನಿಂದಲೇ ಶುರು ಮಾಡಬೇಕೇ?

ಬೇಡ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು 1885ರಲ್ಲಿ ಪ್ರಕಟಿಸಿದ ಲೆಕ್ಕವೇ ಇದಕ್ಕೆ ಸಾಕ್ಷಿ. ಪೂರ್ತಿ ಮರೆತಂತೆ ಕಂಡದ್ದನ್ನು ಎರಡನೇ ಬಾರಿ ಕಲಿಯಲು ಕಡಿಮೆ ಹೊತ್ತು ಸಾಕು. ದಿನನಿತ್ಯದ ರೂಢಿ ಬೆಳೆಸಿಕೊಳ್ಳುವವರ ಬಗ್ಗೆ ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತಿಗೂ ಅಲ್ಲಿ ಬೆಂಬಲವಿಲ್ಲ. ಮಧ್ಯಮ ಲೆಕ್ಕ 66 ದಿನ. ಒಬ್ಬೊಬ್ಬರಿಗೆ ಒಂದೊಂದು ರೀತಿ, ಅಂದಾಜು 18ರಿಂದ 254 ದಿನಗಳವರೆಗೆ.

ಹತ್ತು ಸಾವಿರ ಗಂಟೆ ಬೇಕಂತೆ?

1993ರಲ್ಲಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದದ್ದರಿಂದ ಹುಟ್ಟಿದ ಸಂಖ್ಯೆ ಅದು. ಅತ್ಯುತ್ತಮರು 20ನೇ ವಯಸ್ಸಿನ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಮಾತ್ರ. ದಾಟಲೇಬೇಕಾದ ಗಡಿಯಲ್ಲ. ದೇವಸ್ಥಾನದ ಅಂಗಳದಲ್ಲಿ ಸ್ನೇಹಿತರು ನಡೆಸುವ, ವೇಷ ಕುಣಿತಗಳಿಲ್ಲದ ತಾಳಮದ್ದಳೆಗೆ ಮದ್ದಳೆ ನುಡಿಸಲು ಅದರ ಒಂದು ಚಿಕ್ಕ ಪಾಲು ಸಾಕು.

ಗುರುಗಳು ಬೈಯುತ್ತಾರೆ. ಸಹಿಸಿಕೊಳ್ಳಬೇಕೇ?

‘ಎಡಗೈ ತಡವಾಗುತ್ತಿದೆ’ ಎಂಬುದು ಏರುದನಿಯಲ್ಲಿ ಬಂದರೂ ಪಾಠ. ‘ನಿನ್ನಿಂದಾಗದು’ ಎಂಬುದು ಮೆಲುದನಿಯಲ್ಲಿ ಬಂದರೂ ಪಾಠವಲ್ಲ. ಎರಡನೆಯದನ್ನು ಪದೇ ಪದೇ ಹೇಳುವವರಿಗೆ ನಮಸ್ಕರಿಸಿ ಬೇರೆಯವರನ್ನು ಹುಡುಕಿ. ಗುರುಭಕ್ತಿಗೆ ಇದರಿಂದ ಲೋಪವಿಲ್ಲ.

ಬಿಟ್ಟುಬಿಡುವುದು ತಪ್ಪೇ?

ತಪ್ಪಲ್ಲ. ಆದರೆ ಕೆಟ್ಟ ದಿನದಂದು ನಿರ್ಧರಿಸಬೇಡಿ. ಚೆನ್ನಾಗಿ ಬಂದ ದಿನವೂ ‘ಇದು ನನಗೆ ಬೇಡ’ ಎನಿಸಿದರೆ ಬಿಡಿ. ಚೆಂಡೆ ಬಿಟ್ಟು ತಾಳಮದ್ದಳೆಯ ಮಾತುಗಾರಿಕೆಯಾದ ಅರ್ಥಗಾರಿಕೆಗೆ ಹೋಗಿ ಅಲ್ಲಿ ಅರಳಿದವರು ನಮ್ಮಲ್ಲಿದ್ದಾರೆ. ಕೇಳುಗರಾಗಿಯೇ ಉಳಿದು, ಮೊದಲಿಗಿಂತ ಸೂಕ್ಷ್ಮವಾಗಿ ಕೇಳುವವರೂ ಇದ್ದಾರೆ.

ಫ್ಲ್ಯಾಟ್‌ನಲ್ಲಿದ್ದೇವೆ. ಚೆಂಡೆಯ ಸದ್ದಿಗೆ ನೆರೆಯವರು ಏನೆನ್ನುತ್ತಾರೋ?

ಏನೆನ್ನಬೇಕೋ ಅದನ್ನೇ ಎನ್ನುತ್ತಾರೆ. ಮನೆಯಲ್ಲಿ ದಪ್ಪ ಮರದ ಹಲಗೆಯ ಮೇಲೆ ಬಟ್ಟೆ ಹಾಸಿ ಕೋಲಿನ ಅಭ್ಯಾಸ ಮಾಡಿ. ಮಣಿಕಟ್ಟಿನ ಚಲನೆಗೆ ಅಷ್ಟು ಸಾಕು. ಹಲಗೆ ಚರ್ಮದಷ್ಟು ಪುಟಿಯದ ಕಾರಣ ಕೈಗೆ ಬಲವೂ ಬರುತ್ತದೆ. ನಿಜವಾದ ಚೆಂಡೆಗೆ ವಾರಕ್ಕೊಮ್ಮೆ ಸಭಾಭವನವನ್ನೋ ಭಜನಾ ಮಂದಿರವನ್ನೋ ಕೇಳಿಕೊಳ್ಳಿ.

ಯಾವಾಗ ಶುರು ಮಾಡುವುದು ಒಳ್ಳೆಯದು? ಎಲ್ಲಿ ವಿಚಾರಿಸಬೇಕು?

ತುಳುನಾಡಿನ ಪತ್ತನಾಜೆ ದಿನ ಕಳೆದ ಮೇಲೆ, ಅಂದರೆ ಮೇ ಕೊನೆಯ ವಾರದಿಂದ. ಮೇಳಗಳ ತಿರುಗಾಟ ಮುಗಿದು ವೃತ್ತಿ ಕಲಾವಿದರು ಊರಿನಲ್ಲಿರುತ್ತಾರೆ. ಕೆಲವರು ಚಿಕ್ಕಮೇಳ ಎಂಬ ಪುಟ್ಟ ತಂಡ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ, ಉಳಿದವರಿಗೆ ಹೇಳಿಕೊಡಲು ಬಿಡುವಿರುತ್ತದೆ. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಅವರನ್ನು ಹಿಡಿಯುವುದು ಕಷ್ಟ. ಮಳೆಗಾಲದಲ್ಲಿ ತಾಳಮದ್ದಳೆಗಳೂ ಹೆಚ್ಚು. ವೇಷವಿಲ್ಲ, ಕುಣಿತವಿಲ್ಲ, ಹಿಮ್ಮೇಳದ ಪಕ್ಕದಲ್ಲೇ ಕುಳಿತು ಕೈ ನೋಡಬಹುದು.

ಒಂದೇ ತೊಂದರೆ, ತೇವಕ್ಕೆ ಚರ್ಮ ಸಡಿಲಾಗಿ ಮದ್ದಳೆಯ ಶ್ರುತಿ ಇಳಿಯುತ್ತದೆ. ಹೊಸಬರು ಅದನ್ನು ತಮ್ಮ ಕೈಯ ದೋಷವೆಂದು ತಿಳಿದು ನೊಂದುಕೊಳ್ಳುತ್ತಾರೆ. ವಾದ್ಯವನ್ನು ನೆಲದ ಮೇಲೆ ಬಿಡದೆ ಒಣ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡಿ, ಶ್ರುತಿ ಮಾಡುವುದನ್ನು ಮೊದಲ ತಿಂಗಳಲ್ಲೇ ಕೇಳಿ ಕಲಿಯಿರಿ. ಪೂರ್ಣಾವಧಿ ಕಲಿಯುವ ಹುಡುಗರಿಗೆ ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರವಿದೆ. ಕೆಲಸಕ್ಕೆ ಹೋಗುವವರು ತಮ್ಮ ಊರಿನ ಹವ್ಯಾಸಿ ಸಂಘದಲ್ಲಿ ಮೊದಲು ವಿಚಾರಿಸಲಿ. ವಾದ್ಯ ಕೊಳ್ಳಲು ಅವಸರ ಬೇಡ, ಮೊದಲ ಕೆಲವು ತಿಂಗಳು ಸಂಘದ್ದೇ ಸಾಕು.